ಮೆಣಸಿನಕಾಯಿ ಇಲ್ಲದ ಕಾಲದ ದೃಷ್ಟಿ

ಮಧ್ಯಾಹ್ನದಿಂದ ಕೂಸು ಒಂದೇ ಸಮ ಅಳ್ತಿತ್ತು. ಅತ್ತಿ ಸುಮ್ನಿರ್ತಾರಾ? ಕಲ್ಲುಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು, ನಿವಾಳಿಸಿ, ಕೆಂಡಕ್ಕೆ ಹಾಕಿದ್ರು.

ಉಪ್ಪು ಚಟಪಟ ಅಂತು. ಮೆಣಸಿನಕಾಯಿ ಉಬ್ಬಿ, ಕರ್ರಗಾಗಿ, ಒಡೆದು ಬೀಜ ಸಿಡಿದವು. ಆದ್ರೂ ಯಾರಿಗೂ ಕೆಮ್ಮಿಲ್ಲ.

"ನೋಡವಾ, ಘಾಟೇ ಬರವಲ್ದು. ಎಷ್ಟು ದೃಷ್ಟಿ ಆಗೇತಿ!"

ಕಿಟಕಿ ಎಲ್ಲಾ ತೆಗೆದಿದ್ವು, ಫ್ಯಾನು ಜೋರಿತ್ತು. ಹೇಳೋ ಧೈರ್ಯ ಸೊಸೆಗೆ ಎಲ್ಲಿಂದ ಬರಬೇಕು.

"ಯಾವಾಗಿಂದ ಮಾಡ್ತಾರ್ರೀ ಅತ್ತಿ ಇದನ್ನ?"

"ರಾಮಾಯಣದ ಕಾಲದಿಂದ."

ಅಲ್ಲಿಗೆ ಮಾತು ಮುಗೀತು. ನನ್ನ ತಲೆ ಮಾತ್ರ ಓಡ್ತಾನೇ ಇತ್ತು. ಮೆಣಸಿನಕಾಯಿ ಹುಟ್ಟಿದ್ದೇ ಅಮೆರಿಕ ಖಂಡದಲ್ಲಿ. 1492ರಲ್ಲಿ ಕೊಲಂಬಸ್ ಹಡಗು ಆ ಕಡೆ ಹೋಗೋ ತನಕ ನಮ್ಮೋರು ಅದರ ಮುಖ ಸಹ ನೋಡಿರಲಿಲ್ಲ. ಆಮೇಲೆ ಪೋರ್ಚುಗೀಸರ ಕೈಯಲ್ಲಿ ಈ ಕಡೆ ಬಂತು. ಅದೇ ಪೋರ್ಚುಗೀಸರಲ್ಲಿ ಕೆಲವರು 1520ರಲ್ಲಿ ನಮ್ಮ ರಾಯಚೂರು ಕೋಟೆ ಮುತ್ತಿಗೆಗೂ ಬಂದಿದ್ರು, ಕೃಷ್ಣದೇವರಾಯನ ಪರವಾಗಿ ಬಂದೂಕು ಹಿಡ್ಕೊಂಡು.

ಅಂದ್ರೆ ಕೋಟೆಯ ಉದ್ದನೆ ಕಲ್ಲಿನ ಮೇಲೆ 1294ರಲ್ಲಿ ಶಾಸನ ಕೆತ್ತಿಸಿದ ಕಾಲಕ್ಕೆ ಈ ಊರಲ್ಲಿ ಖಾರಕ್ಕೆ ಕಾಳುಮೆಣಸು, ಹಿಪ್ಪಲಿ, ಶುಂಠಿನೇ ಗತಿ. ಸಂಜಿಗೆ ಮಂಡಕ್ಕಿ ಇದ್ರೂ ಜೋಡಿಗೆ ಮಿರ್ಚಿ ಇಲ್ಲ. ಅದೆಂಥಾ ಬದುಕು ಮಾರಾಯ್ರೆ!

ಅಮಾವಾಸ್ಯೆಗೆ ಅಂಗಡಿ ಬಾಗಿಲಿಗೆ ನಿಂಬೆಹಣ್ಣಿನ ಕೂಡ ಕಟ್ಟೋ ಹಸಿಮೆಣಸಿನಕಾಯಿಗೂ ಇದೇ ಲೆಕ್ಕ. ನಿಂಬೆ ನಮ್ದು, ಜೋಡಿ ಪರದೇಶದ್ದು. ಕೆಟ್ಟ ಕಣ್ಣಿನಿಂದ ನಮ್ಮನ್ನ ಕಾಯೋಕೆ ಸಮುದ್ರ ದಾಟಿ ಬಂದ ಕಾಯಿನೇ ಬೇಕಾಯ್ತು ನೋಡ್ರಿ.

ಅತ್ತಿ ಮುಂದೆ ಇದನ್ನೆಲ್ಲ ಹೇಳಲ್ಲ. ನನಗೇ ದೃಷ್ಟಿ ತೆಗೆದಾರು.

ನಿಮ್ಮನ್ಯಾಗ ಉಪ್ಪು, ಮೆಣಸಿನಕಾಯಿ ಬಿಟ್ಟು ಇನ್ನೇನು ಹಾಕ್ತಾರ?