ಅಗ್ಗದ ಕ್ರೀಮ್, ಹಳೆಯ ರೇಜರ್

ಅಗ್ಗದ ಟ್ಯೂಬ್ ಶೇವಿಂಗ್ ಕ್ರೀಮಿನಿಂದಲೂ ಸೊಗಸಾದ ನೊರೆ ಬರುತ್ತದೆ. ಕೆಡುವುದು ಹೆಚ್ಚಾಗಿ ನೀರಿನ ಲೆಕ್ಕದಲ್ಲಿ. ನೆನೆಸಿದ ಬ್ರಷ್ಷನ್ನು ಚೆನ್ನಾಗಿ ಕೊಡವಿ, ಸುಮಾರು 1 ಗ್ರಾಂ ಕ್ರೀಮನ್ನು ಒದ್ದೆ ಮುಖದ ಮೇಲೆಯೇ ಅರ್ಧ ನಿಮಿಷ ಉಜ್ಜಿ. ಆಮೇಲೆ ಬ್ರಷ್ಷಿನ ತುದಿಯನ್ನಷ್ಟೇ ನೀರಿಗೆ ತಾಗಿಸುತ್ತ ಮೂರ್ನಾಲ್ಕು ಸಲ ನೀರು ಕೂಡಿಸಿ. ನೊರೆ ಒಣಗಿ ಅಂಟಿಕೊಂಡರೆ ನೀರು ಸಾಲದು, ದೊಡ್ಡ ಗುಳ್ಳೆ ಎದ್ದು ಇಳಿದುಹೋದರೆ ಹೆಚ್ಚಾಯಿತು. ಹೊಳೆಯುತ್ತ ಜಾರುವ ನೊರೆಯೇ ಸರಿ.

ಎರಡಂಚಿನ ಬ್ಲೇಡ್ ಹಾಕುವ ಹಳೆಯ ರೇಜರನ್ನು ಮೊದಲ ಸಲ ಕೊಳ್ಳುವವರು ಜಿಲೆಟ್ ಕಂಪನಿಯ ಟೆಕ್ ಎಂಬ ಹಳೆಯ ಮಾದರಿ ಕೊಳ್ಳಿ ಎನ್ನುತ್ತೇನೆ. ಮೂರೇ ಭಾಗ, ಸವೆಯುವ ಕೀಲುಗಳಿಲ್ಲ, ಚರ್ಮಕ್ಕೂ ಮೃದು. ಹಿಡಿಯ ತುದಿ ತಿರುಗಿಸಿದರೆ ಬ್ಲೇಡಿನ ಮೇಲಿನ ಬಾಗಿಲು ತೆರೆಯುವ ಮಾದರಿಯಾದರೆ ಎರಡು ಬಾಗಿಲೂ ಸಮವಾಗಿ ಮುಚ್ಚುತ್ತವೆಯೇ ನೋಡಿ. ಬ್ಲೇಡ್ ಒಂದು ಬದಿ ಹೆಚ್ಚು ಇಣುಕಿದರೆ ಆ ಬದಿಯೇ ಗಾಯ ಮಾಡುತ್ತದೆ.

ಹಳೆಯ ರೇಜರಿನ ಕೊಳೆ ತೆಗೆಯಲು ಪಾತ್ರೆ ಸೋಪು, ಉಗುರುಬೆಚ್ಚನೆಯ ನೀರು, ಮೆದು ಹಲ್ಲುಜ್ಜುವ ಬ್ರಷ್ ಸಾಕು. ವಿನೆಗರಿನಲ್ಲಿ ನೆನೆಹಾಕಬೇಡಿ, ನಿಕಲ್ ಲೇಪ ಹಾಳಾಗುತ್ತದೆ.

ಹಿಡಿಯನ್ನು ಚರ್ಮಕ್ಕೆ ಸುಮಾರು 30 ಡಿಗ್ರಿಯಲ್ಲಿ ಹಿಡಿದು, ಕೂದಲು ಬೆಳೆದ ದಿಕ್ಕಿನಲ್ಲೇ ಗಿಡ್ಡ ಎಳೆತ. ಒತ್ತಲೇಬೇಡಿ, ರೇಜರಿನ ಭಾರವೇ ಸಾಕು. ಎರಡನೇ ಸುತ್ತಿಗೆ ಮತ್ತೆ ನೊರೆ ಹಚ್ಚಲೇಬೇಕು. ಹಚ್ಚದೆ ಬಿಡುವ ಸೋಮಾರಿತನವೂ ಕತ್ತಿನ ಉರಿಗೆ ಒಂದು ಕಾರಣ.