ಭೂಮಿಗೆ ಬಯಕೆ, ನಮಗೆ ನಿದ್ದೆಗೇಡು

ನವರಾತ್ರಿ ಮುಗಿಯುತ್ತಿದ್ದಂತೆ ನಮ್ಮತ್ತೆಯ ಫೋನಿನ ಮಾತೇ ಬದಲಾಗುತ್ತದೆ. ಅಲ್ಲಿಯವರೆಗೆ ಮಳೆ, ಅಡಿಕೆಗೆ ಬಿದ್ದ ಕೊಳೆ, ಮಾವನ ಮಂಡಿನೋವು. ಆಮೇಲೆ ಬರೀ ಸೊಪ್ಪು. "ಚೀನಿಬಳ್ಳಿ ಈ ಸಲ ಬೇಲಿ ತುಂಬ ಹಬ್ಬಿದೆ." "ಕನ್ನೆಕುಡಿ ಸಿಗ್ತದೆ, ಆದ್ರೆ ಬಲಿತು ಹೋಗಿದೆ." "ಅಮಟೆಕಾಯಿ ಉದುರ್ತಾ ಇದೆ ಮಾರಾಯ್ತಿ, ಕೇಳೋರಿಲ್ಲ." ಹಬ್ಬ ಯಾವತ್ತು ಅಂತ ನಾನು ಕೇಳಿದರೆ ಮಾತ್ರ, "ಕ್ಯಾಲೆಂಡರ್ ನಿಮ್ಮನೇಲೂ ಇದೆ ಅಲ್ದಾ?" ಎನ್ನುತ್ತಾರೆ.

ಹಬ್ಬ ಅಂದರೆ ಭೂಮಿ ಹುಣ್ಣಿಮೆ. ದಸರಾ ಆದ ಮೇಲೆ ಬರುವ ಹುಣ್ಣಿಮೆ. ನಾನು ದಾವಣಗೆರೆ ಕಡೆಯವಳು, ನಮ್ಮಲ್ಲಿ ಇದಕ್ಕೆ ಸೀಗಿ ಹುಣ್ಣಿಮೆ ಅಂತಾರೆ. ಅಲ್ಲಿ ನಾವು ಹೋಳಿಗೆ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮೊಸರನ್ನ ಕಟ್ಟಿಕೊಂಡು ಹಗಲು ಹೊತ್ತಿನಲ್ಲಿ ಹೊಲಕ್ಕೆ ಹೋಗಿ, ಭೂಮಿಗೆ ಎಡೆಯೆಂದು ಚರಗ ಚೆಲ್ಲಿ, ಊಟ ಮಾಡಿ, ಮರದ ಕೆಳಗೆ ಒಂದು ನಿದ್ದೆ ತೆಗೆದು ಬರುತ್ತಿದ್ದೆವು. ಈಗ ಆ ಹೊಲಗಳಲ್ಲಿ ಎಲ್ಲಿ ನೋಡಿದರೂ ಮೆಕ್ಕೆಜೋಳ. ಊಟದ ಬುತ್ತಿ ಮಾತ್ರ ಹಳೆಯದೇ. ಮದುವೆಯಾಗಿ ಸಾಗರದ ಈ ಕಡೆ ಬಂದ ಮೇಲೆ ಗೊತ್ತಾಯ್ತು, ಅದೇ ಹುಣ್ಣಿಮೆಯನ್ನು ಇಲ್ಲಿ ರಾತ್ರಿಯಿಡೀ ಎದ್ದಿದ್ದು ಮಾಡುತ್ತಾರೆ ಅಂತ.

ಕಾರಣ ಸರಳ. ಮಳೆಗಾಲದಲ್ಲಿ ನೆಟ್ಟ ಭತ್ತ ಈ ಹೊತ್ತಿಗೆ ಹೊಡೆ ತುಂಬಿಕೊಂಡು ನಿಂತಿರುತ್ತದೆ. ಅಂದರೆ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ಊಟ ಹಾಕಬೇಕಲ್ಲ. ಅವಳಿಗೆ ಬೆಳಗಾಗುವ ಮೊದಲೇ ಹಸಿವಾಗುತ್ತದಂತೆ. ಹಾಗಾಗಿ ಹಿಂದಿನ ಸಂಜೆ ಹಚ್ಚಿದ ಒಲೆಯನ್ನು ಮಾರನೇ ದಿನ ಮಧ್ಯಾಹ್ನದವರೆಗೆ ಆರಿಸುವ ಹಾಗಿಲ್ಲ.

ನಮ್ಮ ಮನೆಯವರ ಊರು ಶರಾವತಿ ಹಿನ್ನೀರಿನ ಆಚೆ ದಡದಲ್ಲಿದೆ, ತುಮರಿ ಕಡೆ. ಶಿವಮೊಗ್ಗದಿಂದ ಆನಂದಪುರ, ಸಾಗರ ದಾಟಿ ಹೊಳೆಬಾಗಿಲಿಗೆ ಬಂದರೆ ರಸ್ತೆ ನೀರಿನಲ್ಲಿ ಮುಗಿಯುತ್ತಿತ್ತು. ಅಲ್ಲಿಂದ ಲಾಂಚ್. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಯ್ತು. ಎರಡೂವರೆ ಕಿಲೋಮೀಟರಿಗೆ ತುಸು ಕಮ್ಮಿ ಉದ್ದ. ಈಗ ಐದು ನಿಮಿಷದಲ್ಲಿ ಆಚೆ. ಲಾಂಚಿನಲ್ಲಿ ಹೋಗುವ ಮಜಾ ಹೋಯ್ತು ಅಂತ ಬೇಸರ ಮಾಡಿಕೊಂಡವರನ್ನು ನೋಡಿದ್ದೇನೆ. ಅವರು ಹೊಟ್ಟೆನೋವಿನವರನ್ನೋ ಹೆರಿಗೆ ನೋವಿನವರನ್ನೋ ಕರೆದುಕೊಂಡು ಕತ್ತಲಲ್ಲಿ ದಡದಲ್ಲಿ ನಿಂತವರಲ್ಲ ಬಿಡಿ. ಆದರೆ ಒಂದು ಮಾತು ನಿಜ. ಹಬ್ಬದ ಮಾರನೇ ದಿನದ ಲಾಂಚಿನಲ್ಲಿ ಪ್ರತಿಯೊಬ್ಬರ ಚೀಲದಲ್ಲೂ ಕಡುಬು ಇರುತ್ತಿತ್ತು. ಗುರುತಿಲ್ಲದವರೂ "ನಿಮ್ಮನೇದು ಸೌತೆಕಾಯಿದಾ, ಉದ್ದಿನದಾ?" ಅಂತ ಕೇಳುತ್ತಿದ್ದರು. ಬಾಳೆಎಲೆ ಸಮೇತ ಅದಲುಬದಲಾಗುತ್ತಿತ್ತು. ಕಾರಿನ ಗಾಜು ಏರಿಸಿಕೊಂಡು ಸೇತುವೆ ದಾಟುವಾಗ ಯಾರನ್ನು ಕೇಳುವುದು?

ಸೊಪ್ಪಿನ ವಿಷಯಕ್ಕೆ ಬರೋಣ. ಈ ಹಬ್ಬದ ಮುಖ್ಯ ಅಡುಗೆ ಹಚ್ಚಂಬಲಿ. ಇದನ್ನು ಪಲ್ಯ ಅನ್ನೋಣವೆಂದರೆ ಪಲ್ಯವಲ್ಲ, ಗಂಜಿ ಅನ್ನೋಣವೆಂದರೆ ಗಂಜಿಯೂ ಅಲ್ಲ. ಸುತ್ತಮುತ್ತ ಸಿಗುವ ತಿನ್ನಬಹುದಾದ ಎಲ್ಲ ಕುಡಿ, ಎಲೆ, ಕಾಯಿ, ಗೆಡ್ಡೆಯನ್ನು ಒಟ್ಟಿಗೆ ಹೆಚ್ಚಿ, ಒಂದು ಹಿಡಿ ಅಕ್ಕಿ ಹಾಕಿ ಬೇಯಿಸುವುದು. ನೂರೊಂದು ಬಗೆಯ ಕುಡಿ ಹಾಕಬೇಕು ಅಂತ ಮಾತು. ನೂರೊಂದು ಯಾರೂ ಹಾಕುವುದಿಲ್ಲ, ನಮ್ಮತ್ತೆಯೂ ಹಾಕುವುದಿಲ್ಲ. "ಲೆಕ್ಕ ಭೂಮಿಗೆ ಬೇಡ, ಎಲ್ಲದರಲ್ಲೂ ಒಂದೊಂದು ಇದ್ರೆ ಸಾಕು" ಎನ್ನುವುದು ಅವರ ನ್ಯಾಯ.

ಹಿಂದಿನ ಮಧ್ಯಾಹ್ನ ಅತ್ತೆ, ನನ್ನ ವಾರಗಿತ್ತಿ, ನಾನು, ನನ್ನ ಮಗಳು ಬುಟ್ಟಿ ಹಿಡಿದು ಹೊರಡುತ್ತೇವೆ. ಅತ್ತೆಗೆ ಅಂಗಳವೂ ಒಂದೇ, ಗುಡ್ಡವೂ ಒಂದೇ. ಬೇಲಿಯಲ್ಲಿ ಚೀನಿಕಾಯಿ ಕುಡಿ, ಹೀರೆ ಕುಡಿ, ಹಾಗಲ ಕುಡಿ. ಬಚ್ಚಲ ನೀರು ಹರಿಯುವಲ್ಲಿ ಕೆಸು, ಬಸಳೆ. ತೋಟದ ಕಾಲುವೆ ಅಂಚಿಗೆ ಒಂದೆಲಗ. ಗದ್ದೆ ಬದುವಿನಲ್ಲಿ ಕನ್ನೆ, ಹೊನಗೊನ್ನೆ. ಗುಡ್ಡಕ್ಕೆ ಹತ್ತಿದರೆ ಎಲವರಿಗೆ, ಕುನ್ನೇರಲು ಕುಡಿ. ಹಿತ್ತಲಲ್ಲಿ ಚಕ್ರಮುನಿ, ನುಗ್ಗೆ, ಹರಿವೆ. ಹೀರೆ, ಸೌತೆ, ಬೀನ್ಸು ಬೆಳೆಯುವುದು ಈಗ ಕಷ್ಟ, ಮಂಗಗಳ ಕಾಟ ಅಷ್ಟಿದೆ. ಬಲೆ ಕಟ್ಟಿದ ಒಂದು ತುಂಡು ಜಾಗದಲ್ಲಿ ಎಷ್ಟು ಬಂತೋ ಅಷ್ಟೇ. ಕಾಡು ಸೊಪ್ಪಿಗೆ ಬಲೆ ಬೇಡ, ಗೊತ್ತಿರುವ ಕಣ್ಣು ಬೇಕು. ನನ್ನ ಮಗಳಿಗೆ ಈಗ ಹತ್ತಾರು ಎಲೆ ಗುರುತು ಸಿಗುತ್ತವೆ, ಒಂದೆಲಗವನ್ನು ಬಗ್ಗಿ ನೋಡದೆ ನಡೆಯುವಾಗಲೇ ಹೇಳುತ್ತಾಳೆ. ನನಗೆ ಎಲವರಿಗೆ ಇನ್ನೂ ಅನುಮಾನವೇ. ನಾನು ಕಿತ್ತದ್ದನ್ನೆಲ್ಲ ಅತ್ತೆ ಒಮ್ಮೆ ಮೂಸಿ ನೋಡಿ ಬುಟ್ಟಿಗೆ ಹಾಕುತ್ತಾರೆ.

ಅತ್ತ ಬುಟ್ಟಿಗಳ ಕೆಲಸ ಒಂದು ವಾರ ಮೊದಲೇ ಶುರುವಾಗಿರುತ್ತದೆ. ಭೂಮಣ್ಣಿ ಬುಟ್ಟಿ ಅಂತ. ಬಿದಿರಿನ ಬುಟ್ಟಿಗೆ ಸಗಣಿ ಬಳಿದು, ಒಣಗಿಸಿ, ಮೇಲೆ ಕೆಮ್ಮಣ್ಣು ಹಚ್ಚಿ, ಅಕ್ಕಿ ಅರೆದ ಬಿಳಿ ಬಣ್ಣದಲ್ಲಿ ಚಿತ್ತಾರ ಬರೆಯುವುದು. ದೀವರ ಸಮುದಾಯದ ಮನೆಗಳಲ್ಲಿ ಹಸೆ ಗೋಡೆಗೆ ಬರೆಯುವ ಚಿತ್ತಾರವೇ ಇಲ್ಲಿ ಬುಟ್ಟಿಯ ಮೇಲೆ ಬರುತ್ತದೆ. ಕುಂಚ ಪುಂಡಿ ನಾರಿನದು. ಅತ್ತೆಗೆ ಈಗ ಕಣ್ಣು ಅಷ್ಟು ಸೂಕ್ಷ್ಮವಿಲ್ಲ, ವಾರಗಿತ್ತಿ ಬರೆಯುತ್ತಾಳೆ. ಭತ್ತದ ಸಸಿ, ಏಣಿ, ಎತ್ತಿನ ಗಾಡಿ, ಇರುವೆ ಸಾಲು. ಗೆರೆ ಎಳೆಯುವಾಗ ಅವಳು ಉಸಿರು ಬಿಡುವುದಿಲ್ಲ, ಆಗ ಯಾರೂ ಅವಳನ್ನು ಮಾತಾಡಿಸುವ ಹಾಗಿಲ್ಲ. ಬುಟ್ಟಿ ಎರಡು: ದೊಡ್ಡದರಲ್ಲಿ ಪೂಜೆ ಸಾಮಾನು, ಎಡೆ, ಕಡುಬು. ಚಿಕ್ಕದರಲ್ಲಿ ಹಚ್ಚಂಬಲಿ.

ರಾತ್ರಿ ಊಟವಾದ ಮೇಲೆ ನಿಜವಾದ ಅಡುಗೆ. ನನಗೆ ಇಷ್ಟವಾದದ್ದು ಸೌತೆಕಾಯಿ ಕಡುಬು. ಇದಕ್ಕೆ ಬೇಕಾದದ್ದು ಎಳೆ ಸೌತೆಯಲ್ಲ, ಹಳದಿ ತಿರುಗಿದ, ಮಳೆಗಾಲ ಪೂರ್ತಿ ಅಟ್ಟದಲ್ಲಿ ಬಾಳೆ ನಾರಿನಿಂದ ಕಟ್ಟಿ ನೇತುಹಾಕಿದ ದಪ್ಪ ಸೌತೆ. ಸಿಪ್ಪೆ, ತಿರುಳು ತೆಗೆದು ತುರಿಯಬೇಕು. ತುರಿಯುವ ಮೊದಲು ತುದಿ ಕತ್ತರಿಸಿ ನಾಲಿಗೆಗೆ ಇಟ್ಟುಕೊಳ್ಳಿ. ಒಂದು ಕಹಿಕಾಯಿ ಸೇರಿದರೆ ಇಡೀ ಪಾತ್ರೆ ಹಾಳು. ಎರಡು ಲೋಟ ತುರಿಗೆ ಒಂದು ಲೋಟ ಅಕ್ಕಿ ತರಿ, ತೆಂಗಿನತುರಿ, ಏಲಕ್ಕಿ, ಉಪ್ಪು ಚಿಟಿಕೆ, ಬೆಲ್ಲ ನಿಮ್ಮ ಬಾಯಿಗೆ ತಕ್ಕಷ್ಟು. ನೀರು ಒಂದು ಹನಿಯೂ ಬೇಡ. ಬೆಲ್ಲ ಸೇರಿದ ಕೂಡಲೇ ಸೌತೆ ತಾನೇ ನೀರು ಬಿಡುತ್ತದೆ, ಅದರಲ್ಲೇ ತರಿ ಅರ್ಧ ಗಂಟೆ ನೆನೆಯಲಿ. ಬಾಳೆಎಲೆಯನ್ನು ಕೆಂಡದ ಮೇಲೆ ಬಾಡಿಸಿದರೆ ಮಡಚುವಾಗ ಸೀಳುವುದಿಲ್ಲ. ಮುಕ್ಕಾಲು ಗಂಟೆ ಹಬೆ. ಅರಿಶಿನ ಎಲೆ ಇದ್ದರೆ ಬಾಳೆಎಲೆಯ ಒಳಗೆ ಒಂದು ತುಂಡು ಇಡಿ. ಅರಿಶಿನ ಎಲೆಯ ಘಮ ಇಲ್ಲದ ಕಡುಬು ನನಗೆ ಕಡುಬೇ ಅಲ್ಲ. ವಾರಗಿತ್ತಿ ಒಪ್ಪುವುದಿಲ್ಲ, ಅದರಿಂದ ಬೆಲ್ಲದ ರುಚಿ ಕೆಡುತ್ತದೆ ಎನ್ನುತ್ತಾಳೆ. ಹಾಗಾಗಿ ನಮ್ಮ ಮನೆಯಲ್ಲಿ ಎರಡು ಹಬೆಪಾತ್ರೆ.

ಕೊಟ್ಟೆ ಕಡುಬು ಮಾವನ ಕೆಲಸ. ಕಡುಬು ಬೇಯಿಸುವುದಲ್ಲ, ಕೊಟ್ಟೆ ಕಟ್ಟುವುದು. ಹಲಸಿನ ಎಲೆ ನಾಲ್ಕನ್ನು ತೆಂಗಿನ ಕಡ್ಡಿಯಿಂದ ಚುಚ್ಚಿ ಲೋಟದ ಹಾಗೆ ಮಾಡುತ್ತಾರೆ. ಮಾತಾಡುತ್ತಲೇ, ಕೈ ನೋಡದೆಯೇ. ಮಾತು ಹೆಚ್ಚಾಗಿ ಅಣೆಕಟ್ಟಿನದು. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಅದರಲ್ಲಿ ಎಷ್ಟು ಕಮ್ಮಿ ಇದೆ ಎಂಬುದು ಅವರಿಗೆ ದಿನವೂ ಬೇಕು. 1964ರಲ್ಲಿ ಆ ಅಣೆಕಟ್ಟು ಮುಗಿದು ನೀರು ನಿಂತಾಗ ಇವರ ಅಪ್ಪನ ಒಳ್ಳೆಯ ಗದ್ದೆಗಳೆಲ್ಲ ನೀರಿನಡಿಗೆ ಹೋದವು. ಈಗ ನಾವು ಪೂಜೆ ಮಾಡುವುದು ಗುಡ್ಡದ ಸಂದಿನಲ್ಲಿ ಆಮೇಲೆ ಮಾಡಿದ ಪುಟ್ಟ ಗದ್ದೆಯಲ್ಲಿ. ಮಾವ ಇದನ್ನು ದುಃಖದಿಂದ ಹೇಳುವುದಿಲ್ಲ. "ಆ ಗದ್ದೆಗೆ ದಿನಾ ನೀರು ಕುಡಿಸ್ತಾ ಇದಾರಲ್ಲ" ಎಂದು ನಗುತ್ತಾರೆ.

ಹಚ್ಚಂಬಲಿ ಒಲೆಗೇರುವುದು ಕೊನೆಗೆ. ಎಲ್ಲರಿಗೂ ಕೆಸುವಿನ ಭಯ ಇದೆಯಲ್ವಾ, ಗಂಟಲು ತುರಿಸುತ್ತದೆ ಅಂತ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ, ತುರಿಕೆ ಅವುಗಳದ್ದು. ಚೆನ್ನಾಗಿ ಬೇಯಬೇಕು, ಜೊತೆಗೆ ಹುಳಿ ಬೇಕು. ಹುಣಸೆ ಹಾಕಿದರೂ ನಡೆಯುತ್ತದೆ. ಆದರೆ ಈ ತಿಂಗಳಲ್ಲಿ ಅಮಟೆಕಾಯಿ ಇರುವಾಗ ಹುಣಸೆ ಯಾಕೆ? ಜಜ್ಜಿ ಹಾಕಿದರೆ ಹುಳಿಯೂ ಬಂತು, ಮಾವಿನಂಥ ಒಂದು ಪರಿಮಳವೂ ಬಂತು.

ಬೆಳಗಿನ ಜಾವ ಮಾವ, ನಮ್ಮ ಮನೆಯವರು, ಮೈದುನ ಚಿಕ್ಕ ಬುಟ್ಟಿ ಹೊತ್ತು, ದೊಂದಿ ಹಿಡಿದು ಹೊರಡುತ್ತಾರೆ. ಈಗ ದೊಂದಿಯ ಜೊತೆ ಮೊಬೈಲ್ ಟಾರ್ಚೂ ಇದೆ. ಗದ್ದೆ, ತೋಟ ಎಲ್ಲ ಸುತ್ತಿ ಹಚ್ಚಂಬಲಿ ಬೀರುತ್ತಾ, "ಹಚ್ಚಂಬಲಿ, ಹಾಲಂಬಲಿ" ಎಂದು ಕೂಗಿ, ಭೂಮಿತಾಯಿ ಬಂದು ಉಂಡು ಹೋಗಲಿ ಎನ್ನುತ್ತಾರೆ, ಕೊನೆಯಲ್ಲಿ ಉದ್ದಕ್ಕೆ "ಹೂ" ಅಂತ. ಆಚೆ ಗುಡ್ಡದ ಮನೆಯಿಂದಲೂ ಅದೇ ಕೂಗು ಬರುತ್ತದೆ. ಹೆಂಗಸರು ಅಷ್ಟು ಹೊತ್ತಿಗೆ ಸ್ನಾನಕ್ಕೆ ಸಾಲು ನಿಂತಿರುತ್ತೇವೆ. ರಾತ್ರಿಯಿಡೀ ಬೇಯಿಸಿದವರು ನಾವು, ಕೂಗಿ ಬಡಿಸುವವರು ಅವರು. ಇದನ್ನು ನಾನು ಅತ್ತೆಯ ಹತ್ತಿರ ಹೇಳಿದ್ದೇನೆ. "ಕತ್ತಲಲ್ಲಿ ಜಿಗಣೆ ಕಚ್ಚಿಸ್ಕಂಡು ತಿರುಗೋ ಆಸೆ ಇದ್ರೆ ನೀನೂ ಹೋಗು, ಬೇಡ ಅಂದವರ್ಯಾರು?" ಎಂದರು. ನನ್ನ ಮಗಳು ಕಳೆದ ಸಲ ಹೋದಳು. ಅವಳ ಕೂಗು ಅಡುಗೆಮನೆಗೆ ಕೇಳುತ್ತಿತ್ತು.

ಬಿಸಿಲು ಬಂದ ಮೇಲೆ ಎಲ್ಲರೂ ಗದ್ದೆಗೆ. ಭತ್ತದ ಬುಡಕ್ಕೆ ಹೊಸ ಸೀರೆ ಸುತ್ತಿ, ಅತ್ತೆ ತಮ್ಮ ತಾಳಿಸರ ತೆಗೆದು ಸಸಿಗೆ ಹಾಕುತ್ತಾರೆ. ಪೂಜೆ ಮುಗಿಯುವವರೆಗೆ ಮಾವ ಆ ಸರದ ಮೇಲಿಂದ ಕಣ್ಣು ತೆಗೆಯುವುದಿಲ್ಲ. ಒಂದು ಎಡೆ ಕಾಗೆಗೆ, ಒಂದು ಇಲಿಗೆ. ಭತ್ತ ತಿನ್ನುವ ಇಲಿಗೆ ಕರೆದು ಊಟ ಹಾಕುವುದು ಯಾಕೆ ಅಂತ ಮಗಳು ಕೇಳಿದಳು. "ಉಂಡವರು ಕದಿಯೋಕೆ ನಾಚ್ಕೋತಾರೆ ಮಗಾ" ಎಂದರು ಅತ್ತೆ. ಇಲಿಗಳಿಗೆ ನಾಚಿಕೆಯಾದದ್ದು ನಾನು ನೋಡಿಲ್ಲ. ಒಂದು ಕೊಟ್ಟೆ ಕಡುಬನ್ನು ಗದ್ದೆಯಲ್ಲೇ ಹುಗಿಯುತ್ತಾರೆ, ಕೊಯ್ಲಿನ ಹೊತ್ತಿಗೆ ತೆಗೆಯುವುದು. ಆಮೇಲೆ ಬದುವಿನ ಮೇಲೆ ಬಾಳೆಎಲೆ ಹಾಸಿ ಊಟ.

ಹಚ್ಚಂಬಲಿಯ ರುಚಿ? ಅವತ್ತು ಅಷ್ಟಕ್ಕಷ್ಟೇ. ನೂರೆಂಟು ಸೊಪ್ಪು ಸೇರಿ ಯಾವುದರ ರುಚಿಯೂ ಬಾಯಿಗೆ ಸಿಗುವುದಿಲ್ಲ, ಸ್ವಲ್ಪ ಕಹಿ, ಸ್ವಲ್ಪ ಲೋಳೆ. ಇದನ್ನು ಅತ್ತೆಯ ಎದುರೂ ಹೇಳಿದ್ದೇನೆ. ಬಯಕೆ ನಿನ್ನದಲ್ಲವಲ್ಲ, ಅಂದರು. ಆದರೆ ಮಾರನೇ ದಿನ ಉಳಿದದ್ದನ್ನು ಕಬ್ಬಿಣದ ಬಾಣಲೆಗೆ ಹಾಕಿ, ನೀರು ಆರುವ ತನಕ ಕಾಯಿಸಿ, ತೆಂಗಿನೆಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನ ಒಗ್ಗರಣೆ ಕೊಟ್ಟು ನೋಡಿ. ಬಿಸಿ ಅಕ್ಕಿ ರೊಟ್ಟಿಗೆ ಅದರಷ್ಟು ಒಳ್ಳೆಯ ಜೊತೆ ಇಲ್ಲ. ಶಿವಮೊಗ್ಗದ ನಮ್ಮ ಮನೆಗೆ ನಾನು ಮೊದಲು ಕಟ್ಟಿಸಿಕೊಂಡು ಬರುವುದು ಕಡುಬನ್ನಲ್ಲ, ಇದನ್ನು.

ಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ದೀಪಾವಳಿ. ಆಗ ಮತ್ತೆ ಕಡುಬು, ಮತ್ತೆ ಸೌತೆಕಾಯಿ. ಅದಾಗುತ್ತಿದ್ದಂತೆ ಅಡಿಕೆ ಕೊನೆ ಇಳಿಯುತ್ತದೆ. ಅಂಗಳದಲ್ಲಿ ದೀಪ ಹಾಕಿ ರಾತ್ರಿ ಮೆಟ್ಟುಗತ್ತಿ ಮುಂದೆ ಕುಳಿತು ಸುಲಿಯುವವರಿಗೆ ಚಹಾ, ಅವಲಕ್ಕಿ ಆಗಬೇಕು. ಅಷ್ಟರಲ್ಲಿ ಅತ್ತೆಗೆ ಒಲೆ ಸಾಕಾಗಿರುತ್ತದೆ, ಅವರೂ ಸುಲಿಯಲು ಕೂರುತ್ತಾರೆ. ಅವಲಕ್ಕಿ ಕಲಸುವುದು ಮಾವ. ಅವರ ಕೈಯಲ್ಲಿ ಖಾರ ಯಾವಾಗಲೂ ಜಾಸ್ತಿ. ಯಾರೂ ಹೇಳುವುದಿಲ್ಲ, ಚಹಾ ಮಾತ್ರ ಎರಡೆರಡು ಲೋಟ ಕುಡಿಯುತ್ತಾರೆ.