ಎರಡು ಹಲ್ಲಿನ ಸ್ಪ್ಯಾನರ್

8 ನವೆಂಬರ್ 2025, ಶನಿವಾರ
ತುಮಕೂರು

ಸಂಗೀತದ ಮೇಷ್ಟ್ರ ಶ್ರುತಿ ಪೆಟ್ಟಿಗೆ ಇವತ್ತು ಕೊನೆಗೂ ಬಿಚ್ಚಿಕೊಂಡಿತು. ಎಲೆಕ್ಟ್ರಾನಿಕ್ ಪೆಟ್ಟಿಗೆ. ಒಳಗಿನ ಸರ್ಕ್ಯೂಟಿಗೆ ಏನೂ ಆಗಿರಲಿಲ್ಲ. ಹೊರಗಿನ ಸ್ಪೀಕರಿಗೆ ವೈರ್ ಸಿಕ್ಕಿಸುವ 3.5 ಮಿ.ಮೀ. ಜ್ಯಾಕ್ ಸವೆದು, ಪಿನ್ ಅಲುಗಿದಾಗಲೆಲ್ಲ ಷಡ್ಜದ ಮಧ್ಯೆ ಕರಕರ ಸದ್ದು. ಜ್ಯಾಕ್ ಬದಲಿಸುವುದೇನೂ ದೊಡ್ಡ ಕೆಲಸವಲ್ಲ. ತೊಡಕಿದ್ದದ್ದು ಅದನ್ನು ಪ್ಯಾನೆಲ್ಲಿಗೆ ಬಿಗಿದಿದ್ದ ನಟ್ಟಿನಲ್ಲಿ. ಆರು ಮೂಲೆಯ ನಟ್ ಅಲ್ಲ, ಉಂಗುರದಂಥ ದುಂಡು ನಟ್, ಎದುರುಬದುರು ಎರಡು ಸಣ್ಣ ಕಚ್ಚು. ಸ್ಪ್ಯಾನರ್ ಹಿಡಿಯಲು ಅಂಚೇ ಇಲ್ಲ. ಹಿಂದೆ ಯಾರೋ ನೋಸ್ ಪ್ಲೈಯರ್ ಹಾಕಿ ತಿರುಗಿಸಲು ಹೋಗಿದ್ದಾರೆ: ಒಂದು ಕಚ್ಚಿನ ತುದಿ ಮಡಚಿಕೊಂಡಿದೆ, ಪಕ್ಕದ ಅಲ್ಯೂಮಿನಿಯಂ ಮೇಲೆ ಅರ್ಧವೃತ್ತದ ಗೀರು ಬಿದ್ದಿದೆ.

“ಒಂದು ನಟ್ಟಿಗೆ ಎಷ್ಟು ದಿನ ಇಟ್ಕೋತೀಯಮ್ಮಾ?” ಅಂತ ಮೇಷ್ಟ್ರು ಬುಧವಾರ ಫೋನ್ ಮಾಡಿದ್ದರು.

“ಕತ್ತರಿಸಿ ತೆಗೀಬೇಕು ಅಂದ್ರೆ ಈಗಲೇ ತೆಗೀತೀನಿ ಮೇಷ್ಟ್ರೇ. ಆದ್ರೆ ಪ್ಯಾನೆಲ್ಲಿಗೆ ಇನ್ನೊಂದು ಗೀರು ಬೀಳೋದು ಬೇಡ. ಇದಕ್ಕೊಂದು ಟೂಲ್ ಮಾಡ್ಕೋತೀನಿ, ಶನಿವಾರದವರೆಗೆ ಟೈಮ್ ಕೊಡಿ,” ಅಂದೆ. ಪಾಪ, ಮರುಮಾತಾಡದೆ ಒಪ್ಪಿದರು.

ಇಂಥ ನಟ್ಟಿಗೆ ಸಾಮಾನ್ಯವಾಗಿ ಎಲ್ಲರೂ ಹೇಳುವ ಉಪಾಯ ಒಂದಿದೆ. ಅಗಲ ಬಾಯಿಯ ಹಳೆ ಸ್ಕ್ರೂಡ್ರೈವರ್ ತೆಗೆದುಕೊಂಡು, ತುದಿಯ ನಡುಭಾಗವನ್ನು ಉಜ್ಜಿ ತೆಗೆದು, ಎರಡು ಕೊನೆ ಮಾತ್ರ ಉಳಿಸುವುದು. ಸಡಿಲ ನಟ್ಟಿಗೆ ಅದು ಸಾಕು. ಬಿಗಿ ನಟ್ಟಿಗೆ ನನಗೆ ಅದರ ಮೇಲೆ ನಂಬಿಕೆಯಿಲ್ಲ. ಅದನ್ನು ನಟ್ಟಿನ ನಡುಮಧ್ಯಕ್ಕೆ ಹಿಡಿದಿಡುವಂಥದ್ದು ಏನೂ ಇರುವುದಿಲ್ಲ. ಕೈ ಒಂದಿಷ್ಟು ವಾಲಿದರೆ ಒಂದು ಹಲ್ಲು ಮೇಲೆದ್ದು ನೇರ ಪ್ಯಾನೆಲ್ ಮೇಲೆ ಜಾರುತ್ತದೆ. ತುದಿಯಲ್ಲಿ ಎರಡು ಹಲ್ಲಿರುವ ಕೊಳವೆಯಾದರೆ ಹಾಗಲ್ಲ. ಜ್ಯಾಕಿನ ಥ್ರೆಡ್ ಕೊಳವೆಯೊಳಗೆ ಹೊಕ್ಕು ತಾನೇ ದಾರಿ ಹಿಡಿಸುತ್ತದೆ.

ವರ್ನಿಯರ್ ಹಿಡಿದು ನೋಡಿದೆ. ನಟ್ಟಿನ ಹೊರ ಅಗಲ 8 ಮಿ.ಮೀ., ಥ್ರೆಡ್ 6 ಮಿ.ಮೀ., ಕಚ್ಚು ಒಂದು ಮಿ.ಮೀ.ಗಿಂತ ಕೂದಲೆಳೆ ಕಡಿಮೆ. ಲೇತ್ ಅಂಗಡಿಯಲ್ಲಿ 8 ಮಿ.ಮೀ. ಸಿಲ್ವರ್ ಸ್ಟೀಲ್ ಸರಳಿನ ತುಂಡಿಗೆ 6.2 ಮಿ.ಮೀ. ತೂತು ಹೊಡೆಸಿಕೊಂಡು ಬಂದೆ. ಹೆಸರಲ್ಲಿ ಸಿಲ್ವರ್ ಇದ್ದರೂ ಅದರಲ್ಲಿ ಬೆಳ್ಳಿ ಇಲ್ಲ. ಹೆಚ್ಚು ಕಾರ್ಬನ್ ಇರುವ ಹೊಳೆಯುವ ಉಕ್ಕು. ಅಂಗಡಿಯಿಂದ ತಂದಾಗ ಮೆದುವಾಗಿದ್ದು ಅರಕ್ಕೆ ಸಲೀಸಾಗಿ ಬಗ್ಗುತ್ತದೆ, ಕಾಯಿಸಿ ಅದ್ದಿದ ಮೇಲೆ ಅರವನ್ನೇ ಹಿಂದಕ್ಕೆ ಕಳಿಸುತ್ತದೆ.

ಮಾರ್ಕರಿನಲ್ಲಿ ಎರಡು ಹಲ್ಲಿನ ಗುರುತು ಹಾಕಿ, ಉಳಿದ ಅಂಚನ್ನೆಲ್ಲ ನೀಡಲ್ ಫೈಲಿನಲ್ಲಿ ಉಜ್ಜಿ ಇಳಿಸಿದೆ. ಇಲ್ಲಿ ಅವಸರ ಮಾಡುವ ಹಾಗಿಲ್ಲ. ಹಲ್ಲಿನ ಎರಡೂ ಪಕ್ಕ ನೆಟ್ಟಗೆ, ಒಂದಕ್ಕೊಂದು ಸಮಾನಾಂತರವಾಗಿ ನಿಲ್ಲಬೇಕು. ತುದಿ ಚೂಪಾಗಿ ಬುಡ ದಪ್ಪವಾದರೆ ಕೆಟ್ಟಿತು: ಜೋರಾಗಿ ತಿರುಗಿಸಿದಷ್ಟೂ ಆ ಇಳಿಜಾರೇ ಟೂಲನ್ನು ಮೇಲಕ್ಕೆ ತಳ್ಳುತ್ತದೆ.

ದಿನಾ ಬಳಸುವ ಪ್ಲಸ್ ಸ್ಕ್ರೂಗಳಲ್ಲೂ ಇದೇ ತೊಂದರೆ. ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದ ಆ ತಲೆಯ ಗೋಡೆಗಳು ಇಳಿಜಾರು. ಒತ್ತಿ ಹಿಡಿಯದೆ ತಿರುಗಿಸಿದರೆ ಡ್ರೈವರ್ ಮೇಲೆದ್ದು ತಲೆಯನ್ನು ಕೆರೆದುಹಾಕುತ್ತದೆ. ಹಳೆಯ ಜಪಾನಿ ಟೇಪ್ ರೆಕಾರ್ಡರ್, ಕ್ಯಾಮೆರಾಗಳಲ್ಲಿ ಇರುವುದು ನೋಡಲು ಅದೇ ಪ್ಲಸ್. ಆದರೆ ಅಳತೆ ಜೆಐಎಸ್ ಅನ್ನುವ ಜಪಾನಿನ ಮಾನದಂಡದ್ದು. ಎಷ್ಟೋ ಸ್ಕ್ರೂಗಳ ತಲೆಯ ಮೇಲೆ ಒಂದು ಚುಕ್ಕಿಯ ಗುಣಿಯೂ ಇರುತ್ತದೆ. ಫಿಲಿಪ್ಸ್ ಡ್ರೈವರ್ ಈ ಪ್ಲಸ್ ಕಚ್ಚಿನ ತಳ ಮುಟ್ಟುವುದಿಲ್ಲ. ತಲೆ ಕೆಟ್ಟ ಸ್ಕ್ರೂ ಹಿಡಿದು ನನ್ನ ಹತ್ತಿರ ಬರುವವರಿಗೆಲ್ಲ ನಾನು ಹೇಳುವುದು ಇಷ್ಟೇ: ಬೇರೇನೂ ಕೊಳ್ಳದಿದ್ದರೂ ಒಂದು ಒಳ್ಳೆ ಜೆಐಎಸ್ ಸೆಟ್ ಕೊಳ್ಳಿ.

ಸಂಜೆ ಬೆಳಕು ಕಡಿಮೆಯಾದ ಮೇಲೆ ಉಕ್ಕು ಕಾಯಿಸಲು ಬೆಂಕಿಯ ಟಾರ್ಚ್ ಹಚ್ಚಿದೆ. ಕಾದ ಉಕ್ಕಿನ ಬಣ್ಣ ಬಿಸಿಲಲ್ಲಿ ಕಣ್ಣಿಗೆ ಮೋಸ ಮಾಡುತ್ತದೆ. ಹಲ್ಲಿನ ತುದಿ ಕೆಂಪಗಾಗುತ್ತಾ ಬಂದಾಗ ಅಯಸ್ಕಾಂತ ಮುಟ್ಟಿಸಿ ನೋಡುವುದು. ಸುಮಾರು 770 ಡಿಗ್ರಿ ದಾಟಿದರೆ ಕಬ್ಬಿಣ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಇನ್ನಷ್ಟು ಕಾಯಿಸಿ ಎಣ್ಣೆಗೆ ಅದ್ದಿದೆ. ಛುಂಯ್ ಅಂತು, ಹೊಗೆ ಎದ್ದಿತು. ಅರ ಹಾಕಿದರೆ ಜಾರಿತು. ಗಟ್ಟಿಯಾಗಿದೆ, ಆದರೆ ಈ ಸ್ಥಿತಿಯಲ್ಲಿ ಬಿಗಿ ನಟ್ಟಿಗೆ ಹಾಕಿದರೆ ಹಲ್ಲು ಚಟ್ಟನೆ ಮುರಿಯುತ್ತದೆ.

ಆಮೇಲಿನದು ನನಗೆ ಇಡೀ ಕೆಲಸದಲ್ಲಿ ಅತಿ ಇಷ್ಟದ ಭಾಗ. ಎಮರಿ ಕಾಗದದಲ್ಲಿ ತಿಕ್ಕಿ ಬೆಳ್ಳಗೆ ಮಾಡಿ, ಹಲ್ಲಿನಿಂದ ದೂರದ ತುದಿಗೆ ಸಣ್ಣ ಉರಿ ಕೊಡುವುದು. ಬಣ್ಣ ನಿಧಾನವಾಗಿ ತೆವಳಿಕೊಂಡು ಬರುತ್ತದೆ: ಹಿಂದೆ ನೀಲಿ, ಅದರ ಮುಂದೆ ನೇರಳೆ, ಕಂದು, ಎಲ್ಲಕ್ಕಿಂತ ಮುಂದೆ ಜೇನಿನಂಥ ತಿಳಿ ಹಳದಿ. ಆ ಹಳದಿ, ಅಂದರೆ ಸುಮಾರು 230 ಡಿಗ್ರಿ, ಹಲ್ಲು ಮುಟ್ಟುತ್ತಿದ್ದ ಹಾಗೆ ಉರಿ ತೆಗೆದು ಅದ್ದಬೇಕು. ನೀಲಿ ಹಲ್ಲಿನವರೆಗೂ ಬಂದರೆ ಗಟ್ಟಿತನ ಹೋಯಿತು.

ನಟ್ಟಿನ ಮಡಚಿದ ಕಚ್ಚನ್ನು ಅರದಿಂದ ತಿದ್ದಿ, ಒಂದು ತೊಟ್ಟು ಎಣ್ಣೆ ಬಿಟ್ಟು, ಟೂಲ್ ಕೂರಿಸಿ, ಮೇಲಿಂದ ಒತ್ತಿ ತಿರುಗಿಸಿದೆ. ಟಕ್ ಅಂತ ಬಿಟ್ಟಿತು. ಹಳೆಯ ಗೀರು ಬಿಟ್ಟರೆ ಪ್ಯಾನೆಲ್ ಮೇಲೆ ಹೊಸದೊಂದು ಗೆರೆಯಿಲ್ಲ. ಎಷ್ಟು ಸಂತೋಷವಾಯಿತು ಅಂದರೆ ಜ್ಯಾಕ್ ಬೆಸುಗೆ ಹಾಕುವ ಮೊದಲೇ ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ.

ಎಲ್ಲವನ್ನೂ ಹೀಗೆ ಮಾಡಿಕೊಳ್ಳುತ್ತಾ ಕೂರಬೇಕು ಅಂತಲ್ಲ. ಮಧ್ಯಾಹ್ನ ಒಬ್ಬ ಹುಡುಗ ಗೇಮ್ ಬಾಯ್ ಅನ್ನುವ ಕೈಯಲ್ಲಿ ಹಿಡಿದಾಡುವ ವಿಡಿಯೋ ಗೇಮಿನ ಹಳೇ ಕ್ಯಾಸೆಟ್ ತಂದಿದ್ದ, ಪೋಕೆಮಾನ್ ಗೋಲ್ಡ್. ಅದರ ಸ್ಕ್ರೂಗೆ ಮಾಮೂಲಿ ಡ್ರೈವರ್ ಹಿಡಿಯುವುದಿಲ್ಲ. “ಅಕ್ಕಾ, ಆಟ ಸೇವ್ ಆಗ್ತಾ ಇಲ್ಲ. ಪೆನ್ ಕರಗಿಸಿ ಬಿಚ್ಚಬಹುದಂತೆ, ಹೌದಾ?” ಅಂದ. ಹೌದು, ಬಾಲ್ ಪೆನ್ನಿನ ಕೊಳವೆಯ ತುದಿ ಕಾಯಿಸಿ ಸ್ಕ್ರೂ ತಲೆಗೆ ಒತ್ತಿ ಆರಲು ಬಿಟ್ಟರೆ ಅದೇ ಅಚ್ಚು ಮೂಡುತ್ತದೆ, ಸಡಿಲ ಸ್ಕ್ರೂ ತಿರುಗಿಯೂ ಬಿಡುತ್ತದೆ. ಆದರೆ ಇನ್ನೊಬ್ಬರ ಬಾಲ್ಯದ ಕ್ಯಾಸೆಟ್ ಮೇಲೆ ಕರಗಿದ ಪ್ಲಾಸ್ಟಿಕ್ ಇಡಲು ನನಗೆ ಮನಸ್ಸು ಬಾರದು. ಈ ಸ್ಕ್ರೂಗೆಂದೇ ಇರುವ ಡ್ರೈವರ್ ತುದಿ 3.8 ಮಿ.ಮೀ. ಗೇಮ್‌ಬಿಟ್ ಅಂತಲೇ ಸಿಗುತ್ತದೆ, ಟಿವಿಗೆ ಸಿಕ್ಕಿಸಿ ಆಡುವ ಎನ್64ನಂಥ ದೊಡ್ಡ ಯಂತ್ರಗಳಿಗೆ 4.5. ಕೊಳ್ಳುವಾಗ ಸಪೂರ, ಉದ್ದ ಕಾಂಡದ್ದನ್ನೇ ಆರಿಸಿಕೊಳ್ಳಬೇಕು. ಆ ಯಂತ್ರಗಳ ಸ್ಕ್ರೂ ಆಳದ ತೂತಿನ ತಳದಲ್ಲಿರುತ್ತದೆ, ದಪ್ಪ ಬಿಟ್ ಇಳಿಯುವುದೇ ಇಲ್ಲ. ಹುಡುಗನ ಕ್ಯಾಸೆಟ್‌ನಲ್ಲಿ ನಾಣ್ಯದಂಥ ಸಿಆರ್2025 ಸೆಲ್ ಸತ್ತಿತ್ತು. ಆಟದ ಒಳಗಿನ ಗಡಿಯಾರವೂ ಅದರಿಂದಲೇ ನಡೆಯುವುದರಿಂದ ಈ ಆಟದಲ್ಲಿ ಸೆಲ್ ಬೇಗ ಬರಿದಾಗುತ್ತದೆ. ಹಳೆಯ ಆಟ ವಾಪಸ್ ಬರುವುದಿಲ್ಲ ಅಂತ ಮೊದಲೇ ಹೇಳಿ ಹೊಸ ಸೆಲ್ ಹಾಕಿಕೊಟ್ಟೆ.

ಆರು ಮೂಲೆಯ ನಕ್ಷತ್ರದಂಥ ಕಚ್ಚಿನ ನಡುವೆ ಮೊಳೆಯಿರುವ ಟಾರ್ಕ್ಸ್ ಸ್ಕ್ರೂಗಳ ಆ ಮೊಳೆಯನ್ನು ಮುರಿದು ಬಿಚ್ಚುವವರಿದ್ದಾರೆ. ಮುರಿದ ಚೂರು ಬೋರ್ಡಿನ ಮೇಲೆ ಬಿದ್ದು ಶಾರ್ಟ್ ಆದರೆ? ನಡುವೆ ತೂತಿರುವ ಬಿಟ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸುಲಭವಾಗಿ ಸಿಗುತ್ತದೆ, ತಂದಿಟ್ಟುಕೊಳ್ಳುವುದೇ ಸರಿ.

ಈ ವಿಚಿತ್ರ ತಲೆಗಳ ಬಗ್ಗೆ ನನಗೆ ಸಿಟ್ಟಿದೆ, ಬಚ್ಚಿಡುವುದಿಲ್ಲ. ದುಂಡು ನಟ್ ಇರುವುದು ಅಂದಕ್ಕೆ, ಅದನ್ನು ಕ್ಷಮಿಸಬಹುದು. 2010ರಲ್ಲಿ ಐಫೋನ್ 4 ಮಾರುಕಟ್ಟೆಗೆ ಬಂದಾಗ ಕೆಳಗಿನ ಎರಡು ಸ್ಕ್ರೂ ಪ್ಲಸ್ ತಲೆಯವೇ ಆಗಿದ್ದವು. ಆಮೇಲೆ ಅವು ಐದು ಎಸಳಿನ ಪೆಂಟಲೋಬ್ ಆದವು. ಬಿಟ್ ಬೇಗನೆ ಪೇಟೆಗೂ ಬಂತು. ಕಳ್ಳರನ್ನೇನೂ ಅದು ತಡೆಯಲಿಲ್ಲ. ತಡೆದದ್ದು ಫೋನಿನ ಯಜಮಾನರನ್ನು, ಸಣ್ಣ ಊರಿನ ರಿಪೇರಿಯವರನ್ನು. ಯುರೋಪಿನ ಒಕ್ಕೂಟ 2023ರಲ್ಲಿ ತಂದ ಬ್ಯಾಟರಿ ನಿಯಮ ಈ ವಿಷಯದಲ್ಲಿ ನನಗೆ ಮೆಚ್ಚುಗೆ: ಕೆಲವು ವಿನಾಯಿತಿ ಬಿಟ್ಟರೆ, 18 ಫೆಬ್ರವರಿ 2027ರಿಂದ ಉಪಕರಣದ ಬ್ಯಾಟರಿಯನ್ನು ಅಂಗಡಿಯಲ್ಲಿ ಸಿಗುವ ಟೂಲಿನಿಂದಲೇ ಬಳಕೆದಾರರು ತೆಗೆಯುವಂತಿರಬೇಕು, ವಿಶೇಷ ಟೂಲ್ ಬೇಕಿದ್ದರೆ ಅದನ್ನು ಪುಕ್ಕಟೆ ಕೊಡಬೇಕು. ನಮ್ಮಲ್ಲೂ 2022ರಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿ, ಪೋರ್ಟಲ್ಲನ್ನೂ ತೆರೆಯಿತು. ಟೂಲಿನ ಬಗ್ಗೆಯೂ ಇಷ್ಟೇ ಖಚಿತವಾದ ಒಂದು ಸಾಲು ನಮ್ಮ ಕಾನೂನಿನಲ್ಲಿ ಬರಬೇಕು.

ಮೇಜಿನ ಮೇಲೆ ಈಗ ಉಳಿದಿರುವುದು ಒಂದು ಕಾಫಿ ಯಂತ್ರ. ಅದರ ಸ್ಕ್ರೂ ತಲೆ ಮೊಟ್ಟೆಯಾಕಾರದ ಗುಬ್ಬಿ, ಒಳಗೆ ಹೋಗುವ ಕಚ್ಚೇ ಇಲ್ಲ. ಸಪೂರ ಉಕ್ಕಿನ ಕೊಳವೆಯೊಂದನ್ನು ವೈಸಿನಲ್ಲಿ ಒತ್ತಿ ಆ ಆಕಾರಕ್ಕೆ ತಂದರೆ ಹಿಡಿಯಬಹುದು ಅನ್ನಿಸಿದೆ. ನಾಳೆ ಲೇತ್ ಅಂಗಡಿಗೆ ರಜೆ. ಸೋಮವಾರ ಬೆಳಿಗ್ಗೆ ಹೋಗಿ ಅವರ ಚೂರುಪಾರಿನ ಡಬ್ಬದಲ್ಲಿ ಕೊಳವೆ ಹುಡುಕಬೇಕು.